ಸುಮ್ಮನೆ ಬಡಿಸಿದ ಎಲೆ

ಆ ಊರಿನಲ್ಲಿ ಯಾರೂ ಯಾರಿಗೂ ಸುಮ್ಮನೆ ಊಟ ಹಾಕುತ್ತಿರಲಿಲ್ಲ. ಹಾಕುತ್ತಿದ್ದರು, ಆದರೆ ಹಾಗೆಂದು ಹೇಳುತ್ತಿರಲಿಲ್ಲ.

ಊರಿನ ಕಟ್ಟಳೆ ಹೀಗಿತ್ತು. ಕಸುಬು ನಡೆಸುವ ಯಾವ ಮನೆಯೇ ಆಗಲಿ, ಹೊರಗಿನವರನ್ನು ಕೂರಿಸಿ ಎಲೆ ಹಾಕಿದರೆ ಆ ಎಲೆ ಯಾತಕ್ಕೆಂದು ಹೇಳಬೇಕು. ಕೊಳ್ಳುವವನು ಉಂಡರೆ, ಮಾರುವವನು ಉಂಡರೆ, ಇವತ್ತಲ್ಲದಿದ್ದರೆ ನಾಳೆ ಕೊಂಡಾನು ಎಂಬ ಆಸೆಯಿಂದ ಬಡಿಸಿದರೆ, ಅದು ಕೆಲಸದ ಎಲೆ. ಅದಕ್ಕೆ ತೆರಿಗೆ ಇಲ್ಲ. ಸುಮ್ಮನೆ ಹಾಕಿದ ಎಲೆಗೆ ಮಾತ್ರ ತೆರಿಗೆ: ಎಲೆಗೊಂದು ಸೇರು, ಆ ಮನೆಯಲ್ಲಿ ಏನು ಮಾಡುತ್ತಾರೋ ಅದರಲ್ಲಿ. ಗಾಣದವರು ಎಣ್ಣೆ ಅಳೆಯಬೇಕು, ಮಗ್ಗದವರು ನೂಲು ತೂಗಬೇಕು, ಎರಕದವರು ಲೋಹ ತೂಗಬೇಕು. ಕೆಲಸಕ್ಕೆಂದು ಹೇಳಿದ್ದು ಆಮೇಲೆ ಸುಮ್ಮನೆ ಎಂದು ತಿಳಿದುಬಂದರೆ ಎಲೆಗೆರಡು ಸೇರು.

ದೊಡ್ಡ ಮನೆಗಳು ಮಾತ್ರ ಕೆಲಸದ ಎಲೆಗೂ ಅರ್ಧ ಸೇರು ತೆರಬೇಕು. ಹತ್ತು ಆಳಿಗಿಂತ ಕಡಿಮೆ ಇರುವ ಸಣ್ಣ ಮನೆಗಳ ಮೇಲೆ ಅರಮನೆಗೆ ಕರುಣೆ ಹೆಚ್ಚು; ಕೆಲಸದ ಎಲೆ ಎಷ್ಟಾದರೂ ಪೂರ್ತಿ ಮಾಫಿ. ಎಲೆಯ ಮೇಲೆ ಐದು ಬಗೆ ಮೀರದಿದ್ದರೆ ಅದು ಊಟವೇ ಅಲ್ಲ, ಬಾಯಾಡಿಸುವುದು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯರು. ಕಟ್ಟಳೆ ಕ್ರೂರವಾಗಿರಲಿಲ್ಲ. ಅದಕ್ಕೆ ಒಂದು ಉತ್ತರ ಬೇಕಿತ್ತು, ಅಷ್ಟೇ.

ಹಾಗಾಗಿ ಉಂಡವರು ಎಲೆ ಮಡಿಸುವ ಮೊದಲು "ಕೆಲಸಕ್ಕೆ ಉಂಡೆ" ಎನ್ನಬೇಕು. ಬಡಿಸಿದವರು "ಕೆಲಸಕ್ಕೆ ಬಡಿಸಿದೆ" ಎನ್ನಬೇಕು. ಹಾಗೆಂದ ಮೇಲೆ ಜಗಲಿಯ ಕಂಬಕ್ಕೆ ತೂಗುಬಿಟ್ಟ ಕರಿದಾರಕ್ಕೆ ಒಂದು ಗಂಟು. ಪಕ್ಕದಲ್ಲಿ ಒಂದು ಬಿಳಿದಾರವೂ ತೂಗುತ್ತಿರಬೇಕು, ಸುಮ್ಮನೆ ಹಾಕಿದ ಎಲೆಗಳಿಗಾಗಿ. ಬಿಳಿದಾರದಲ್ಲಿ ಗಂಟು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಅದು ಬಿಸಿಲಿಗೆ ಜೂಲಾಗಿ ಹರಿಯುತ್ತಿತ್ತು, ವರ್ಷಕ್ಕೊಮ್ಮೆ ಹೊಸದು ಕಟ್ಟುತ್ತಿದ್ದರು.

ಅಕ್ಕನ ಮನೆಗೆ ಬಂದ ತಮ್ಮ ಒಂದು ಹಿಡಿ ಹತ್ತಿಯನ್ನು ಅವಳಿಗೆ ಮಾರಿದ ಹಾಗೆ ಮಾಡಿ ಉಣ್ಣುತ್ತಿದ್ದ. ಬೀಗರು ಬಂದರೆ ಬಾಗಿಲಲ್ಲೇ ಎರಡು ಮಾತು ವ್ಯಾಪಾರ ಆಡಿ ಒಳಗೆ ಬರುತ್ತಿದ್ದರು. ಮದುವೆಯೂಟಕ್ಕೆ ಕೂತ ಇನ್ನೂರು ಜನ ಒಟ್ಟಿಗೆ "ಕೆಲಸಕ್ಕೆ ಉಂಡೆವು" ಎಂದು ಕೂಗಿದರೆ ಚಪ್ಪರ ಅದುರುತ್ತಿತ್ತು. ಕೂಗಿ ಕೂಗಿ ಆ ಮಾತು ಸವೆದಿತ್ತು. ಅದರ ಎದುರಿನ ಮಾತು, ಆಡುವವರಿಲ್ಲದೆ, ಮರೆತೇ ಹೋಗಿತ್ತು.

ಆ ಊರಿನ ಮೂಡಲ ಬೀದಿಯಲ್ಲಿ ಎರಕದವಳು ಇದ್ದಳು. ದನದ ಕೊರಳಿಗೆ ಕಟ್ಟುವ ಕಂಚಿನ ಗಂಟೆ ಹೊಯ್ಯುವುದು ಅವಳ ಕಸುಬು. ಮನೆಯಲ್ಲಿ ಅವಳ ಜೊತೆ ಇಬ್ಬರು: ಮಣ್ಣಿನ ಅಚ್ಚು ಕಟ್ಟುವ ಅಚ್ಚಿನವನು, ಕುಲುಮೆಗೆ ಗಾಳಿ ಊದುವ ತಿದಿಯವನು. ಅಚ್ಚಿನವನಿಗೆ ನಾಲ್ಕು ಮಕ್ಕಳು. ತಿದಿಯವನಿಗೆ ಯಾರೂ ಇಲ್ಲ. ಕಂಚು ಕರಗಿಸುವುದು, ಹೊಯ್ಯುವುದು, ಹೊಯ್ದ ಗಂಟೆಯ ದನಿ ಸರಿಪಡಿಸುವುದು ಅವಳದು. ಅಪ್ಪನಿಂದ ಬಂದ ಕೈ.

ಅಪ್ಪ ತೀರಿಕೊಂಡ ವರ್ಷ ಅವಳ ಗಂಟೆಗಳನ್ನು ಯಾರೂ ಮುಟ್ಟಿರಲಿಲ್ಲ. ಹೆಂಗಸು ಹೊಯ್ದ ಗಂಟೆಗೆ ದನ ಬೆಚ್ಚುತ್ತದೆ ಎಂದು ಯಾರೋ ಅಂದರು, ಅಂದದ್ದನ್ನು ಎಲ್ಲರೂ ಅಂದರು. ಗಂಟೆಗಳು ಹಲಗೆಯ ಮೇಲೆ ಸಾಲಾಗಿ ಕೂತು ಹಸಿರು ಕಟ್ಟಿದವು. ಆಗ ಒಂದು ಹುಣ್ಣಿಮೆಯ ಮಧ್ಯಾಹ್ನ ಗುಡ್ಡದಾಚೆಯ ದನದ ವ್ಯಾಪಾರಿ ಬಂದ. ಅವಳಿಗಿಂತ ಇಪ್ಪತ್ತು ವರ್ಷ ಹಿರಿಯ. ಒಂದು ಗಂಟೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು, ಒಮ್ಮೆ ಆಡಿಸಿ, ದನಿ ಅಡಗುವವರೆಗೆ ಕೇಳಿದ.

"ನಲವತ್ತು ಕಟ್ಟು ತಂಗಿ," ಎಂದ.

ಪಕ್ಕದಲ್ಲಿದ್ದ ಯಾರೋ, "ಹೆಣ್ಣು ಹೊಯ್ದದ್ದು, ನೋಡಿಕೊಂಡು ತಗೋ," ಎಂದರು.

"ಹೊಯ್ದದ್ದು ಗಂಡೋ ಹೆಣ್ಣೋ ಅಂತ ಗಂಟೆಗೆ ಗೊತ್ತೇನಯ್ಯಾ?" ಎಂದ ವ್ಯಾಪಾರಿ. ನಲವತ್ತು ಗಂಟೆ ಹೊರಿಸಿಕೊಂಡು ಹೋದ. ಅವನ ದನಗಳು ಹೋದ ಊರಿನಲ್ಲೆಲ್ಲ ಅವಳ ಗಂಟೆ ಕೇಳಿಸಿತು. ಬೇರೆಯವರೂ ಬಂದರು.

ಅಂದಿನಿಂದ ಹುಣ್ಣಿಮೆಗೊಮ್ಮೆ ಅವನು ಬರುತ್ತಿದ್ದ. ಗಂಟೆ ನೋಡುತ್ತಿದ್ದ, ಕೊಳ್ಳುತ್ತಿದ್ದ, ಕೈ ತೊಳೆದು ಕೂರುತ್ತಿದ್ದ. ಅವಳು ಮುತ್ತುಗದ ಎಲೆ ಹಾಕಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹುರುಳಿ ಸಾರು, ಅನ್ನ, ಗಟ್ಟಿ ಮೊಸರು, ಕೊನೆಗೊಂದು ಹೋಳಿಗೆ ಬಡಿಸುತ್ತಿದ್ದಳು. ಅವನು "ಕೆಲಸಕ್ಕೆ ಉಂಡೆ" ಎನ್ನುತ್ತಿದ್ದ. ಅವಳು "ಕೆಲಸಕ್ಕೆ ಬಡಿಸಿದೆ" ಎನ್ನುತ್ತಿದ್ದಳು. ಕರಿದಾರಕ್ಕೆ ಗಂಟು. ಹನ್ನೆರಡು ವರ್ಷ ಹೀಗೆ ಹೋಯಿತು, ಮತ್ತು ಅವರಿಬ್ಬರೂ ಆಡಿದ್ದು ನಿಜವೇ ಆಗಿತ್ತು.

ಹದಿಮೂರನೆಯ ವರ್ಷದ ಬೇಸಗೆಯಲ್ಲಿ ಗುಡ್ಡದಾಚೆ ದನಗಳಿಗೆ ಬಾಯಿಬೇನೆ ಬಂತು. ವ್ಯಾಪಾರಿಯ ಕೊಟ್ಟಿಗೆ ಒಂಬತ್ತು ದಿನದಲ್ಲಿ ಬರಿದಾಯಿತು. ಹತ್ತನೆಯ ದಿನ ಅವನಿಗೇ ಜ್ವರ ಏರಿತು. ಜ್ವರ ಇಳಿದಾಗ ಅವನ ಎರಡು ಕಿವಿಗಳನ್ನೂ ಜೊತೆಗೆ ಕೊಂಡೊಯ್ದಿತ್ತು.

ಆದರೂ ಮುಂದಿನ ಹುಣ್ಣಿಮೆಗೆ ಅವನು ಬಂದ. ಕಾಲಿಗೆ ದಾರಿ ಗೊತ್ತಿತ್ತು. ಹಲಗೆಯ ಮುಂದೆ ನಿಂತು ಒಂದು ಗಂಟೆಯನ್ನು ಎತ್ತಿದ, ಕಿವಿಯ ಹತ್ತಿರ ಹಿಡಿದ, ಆಡಿಸಿದ, ಇಟ್ಟ. ಇನ್ನೊಂದನ್ನು ಎತ್ತಲಿಲ್ಲ. ಎರಕದವಳು ಒಳಗೆ ಹೋಗಿ ಎಲೆ ಹಾಕಿದಳು. ಅವನು ತಲೆ ತಗ್ಗಿಸಿ ಉಂಡ. ಉಂಡ ಮೇಲೆ "ಕೆಲಸಕ್ಕೆ" ಎಂದ, ಅಲ್ಲಿಗೇ ನಿಲ್ಲಿಸಿದ. ಅವನು ಕೊಂಡಿರಲಿಲ್ಲ, ಕೊಳ್ಳುವವನೂ ಆಗಿರಲಿಲ್ಲ. ಹುಸಿಯಾಡಿ ಅಭ್ಯಾಸವಿಲ್ಲದ ಬಾಯಿ ಅದು. ಮಾತನ್ನು ಅರ್ಧಕ್ಕೆ ಬಿಟ್ಟು ಎಲೆ ಮಡಿಸಿ ಎದ್ದ.

"ಕೆಲಸಕ್ಕೆ ಬಡಿಸಿದೆ," ಎಂದಳು ಎರಕದವಳು, ಕೇಳಿಸದವನಿಗೆ. ಕರಿದಾರಕ್ಕೆ ಗಂಟು ಹಾಕಿದಳು.

ಮುಂದಿನ ಹುಣ್ಣಿಮೆಗೂ ಅವನು ಬಂದ. ಅದರ ಮುಂದಿನದಕ್ಕೂ. ಅವನು ಏನೂ ಹೇಳದೆ ಉಣ್ಣುತ್ತಿದ್ದ, ಅವಳು ಒಬ್ಬಳೇ ಹೇಳಿ ಗಂಟು ಹಾಕುತ್ತಿದ್ದಳು. ಒಂದು ವರ್ಷ ಆಯಿತು, ಎರಡಾಯಿತು.

ಅಚ್ಚಿನವನು ಗಂಟುಗಳನ್ನು ಎಣಿಸುತ್ತಿದ್ದ. ಒಂದು ದಿನ ಮಣ್ಣು ಕಲಸುತ್ತಾ ಹೇಳಿದ:

"ಅಕ್ಕಾ, ಅವರು ಒಂದು ಗಂಟೆ ಮುಟ್ಟಿ ಎರಡು ವರ್ಷ ಆತು. ನೀನು ಕರಿದಾರಕ್ಕೇ ಕಟ್ತೀಯ. ಎಲೆ ಲೆಕ್ಕದ ಚಾವಡಿಯವರು ಕೇಳಿದರೆ ಏನು ಹೇಳ್ತೀಯ?"

"ಗಿರಾಕಿ ಅಂತೀನಿ."

"ಕೊಳ್ಳದವನು ಗಿರಾಕಿ ಹೆಂಗಾದಾನು?"

"ಹಿಂದೆ ಕೊಂಡಿದ್ದರಲ್ಲ."

"ಹಿಂದಿನದಕ್ಕೆ ಹಿಂದೆಯೇ ಉಂಡಿದ್ದಾರೆ," ಎಂದ ಅಚ್ಚಿನವನು. ಅವನು ಕೆಟ್ಟವನಲ್ಲ. ಮನೆಯಲ್ಲಿ ನಾಲ್ಕು ಬಾಯಿಗಳನ್ನು ಇಟ್ಟುಕೊಂಡು ಮಾತಾಡುತ್ತಿದ್ದ. "ಬರಬೇಡಿ ಅನ್ನು ಅಂತ ನಾ ಹೇಳಲ್ಲ. ಐದು ಬಗೆ ಮೀರದ ಹಾಗೆ ಬಡಿಸು. ಲೆಕ್ಕಕ್ಕೇ ಬರಲ್ಲ. ಅವರ ಹೊಟ್ಟೆಯೂ ತುಂಬ್ತದೆ, ನಮ್ಮ ದಾರವೂ ಉಳೀತದೆ."

ಮಾತು ನ್ಯಾಯವಾಗಿತ್ತು. ಮುಂದಿನ ಹುಣ್ಣಿಮೆಗೆ ಅವಳು ರೊಟ್ಟಿ, ಚಟ್ನಿ, ಸಾರು, ಅನ್ನ ಬಡಿಸಿ ನಿಲ್ಲಿಸಿದಳು. ವ್ಯಾಪಾರಿ ಎಲೆಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಆಮೇಲೆ ಮನೆಯ ಸೂರು, ಗೋಡೆ, ಮೂಲೆಯ ಕಾಳಿನ ಗುಡಾಣ, ಒಂದೊಂದಾಗಿ ನೋಡಿದ.

"ತಂಗಿ," ಎಂದ, ಕಿವುಡರ ದೊಡ್ಡ ದನಿಯಲ್ಲಿ, "ಮನೇಲಿ ಏನಾದರೂ ತೊಂದರೆಯೇನವ್ವ?"

ಅವಳು ಇಲ್ಲ ಎಂದು ತಲೆಯಾಡಿಸಿದಳು. ಅವನು ನಂಬಲಿಲ್ಲ. ಅರ್ಧ ಅನ್ನಕ್ಕೇ ಕೈ ತೊಳೆದ. ಹೋಗುವಾಗ ಸೊಂಟದ ಚೀಲ ಬಿಚ್ಚಿ, ಅದರಲ್ಲಿದ್ದ ಮೂರು ನಾಣ್ಯಗಳಲ್ಲಿ ಎರಡನ್ನು ಒಲೆಯ ಕಟ್ಟೆಯ ಮೇಲಿಟ್ಟು, ಅವಳು ಕೂಗಿದ್ದು ಕೇಳಿಸದವನಾದ್ದರಿಂದ, ತಿರುಗಿ ನೋಡದೆ ನಡೆದ. ಅವಳು ಬೀದಿಯ ಕೊನೆಯವರೆಗೆ ಓಡಿ ನಾಣ್ಯಗಳನ್ನು ಅವನ ಕೈಗೆ ತುರುಕಿ ಬಂದಳು. ಆಮೇಲಿನ ಹುಣ್ಣಿಮೆಗೆ ಎಲೆಯ ಮೇಲೆ ಒಂಬತ್ತು ಬಗೆ ಇತ್ತು. ಅಚ್ಚಿನವನು ಬಾಗಿಲಲ್ಲಿ ನಿಂತು ಎಣಿಸಿ, ಮಣ್ಣು ಕಲಸಲು ಹೋದ.

ಮೂರನೆಯ ವರ್ಷದ ಕೊನೆಗೆ ಚೀಟಿ ಬಂತು. ವರ್ಷಕ್ಕೆ ಮೂರು ಸಣ್ಣ ಮನೆಗಳನ್ನು ಚೀಟಿ ಎತ್ತಿ ಎಲೆಚಾವಡಿಗೆ ಕರೆಯುವುದು ಪದ್ಧತಿ. ಆ ವರ್ಷದ ಮೂರನೆಯ ಚೀಟಿ ಎರಕದ ಮನೆಯದು. ಓಲೆಕಾರ ಬಂದು ಕರಿದಾರವನ್ನೂ ಬಿಳಿದಾರವನ್ನೂ ಕಂಬದಿಂದ ಬಿಚ್ಚಿಕೊಂಡು ಹೋದ. ಬೇರೆ ಗಿರಾಕಿಗಳ ಎಲೆಗಳೆಲ್ಲ ಒಂದು ಸಂಜೆಯಲ್ಲಿ ಇತ್ಯರ್ಥವಾದವು. ನಾಲ್ಕೇ ಬಗೆಯ ಆ ಒಂದು ಎಲೆ ಬಿಟ್ಟು, ಅಧಿಕಮಾಸದ್ದು ಸೇರಿಸಿ, ಹುಣ್ಣಿಮೆಯ ಮೂವತ್ತಾರು ಗಂಟುಗಳು ಉಳಿದವು. ಉಂಡವನನ್ನೂ ಕರೆಸಬೇಕು ಎಂದು ಅಪ್ಪಣೆಯಾಯಿತು. ಎರಡು ಬಾಯಿ ಒಂದೇ ಮಾತಾಡಿದರೆ ಅದು ಸತ್ಯ. ಅದಕ್ಕೆ ಮೀರಿ ಚಾವಡಿ ಹುಡುಕುವುದಿಲ್ಲ. ಮಾತು ಎರಡಾದರೆ ಬಡಿಸಿದವರ ಮಾತೇ ಮಾತು, ಏಕೆಂದರೆ ತೆರುವವರು ಅವರು.

ಮೂವತ್ತಾರು ಎಲೆಗೆ ಎರಡರಂತೆ ಎಪ್ಪತ್ತೆರಡು ಸೇರು. ಮನೆಯಲ್ಲಿದ್ದ ಕಂಚು ನೂರು ಸೇರು ಮುಟ್ಟುತ್ತಿರಲಿಲ್ಲ.

ಅಚ್ಚಿನವನು ಯಾರನ್ನೂ ಕೇಳದೆ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದ. ವ್ಯಾಪಾರಿಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಧೂಳಿನ ಮೇಲೆ ಬೆರಳಿನಿಂದ ಚಾವಡಿ ಬರೆದ, ಎಲೆ ಬರೆದ, ಒಂದು ದೊಡ್ಡ ತಕ್ಕಡಿ ಬರೆದ, ತಕ್ಕಡಿಯಲ್ಲಿ ಎರಕದವಳ ಕುಲುಮೆಯನ್ನು ಬರೆದ. ಆಮೇಲೆ ಒಂದು ಕಲ್ಲನ್ನು ಎತ್ತಿ ವ್ಯಾಪಾರಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದ. ಕಿವುಡರನ್ನೂ ಮೂಗರನ್ನೂ ಚಾವಡಿಯಲ್ಲಿ ಕೇಳುವುದು ಹಾಗೆ: ಎದುರಿಗೆ ಒಂದು ತೂಕದ ಕಲ್ಲು, ಒಂದು ಬೆಲ್ಲದ ಅಚ್ಚು ಇಡುತ್ತಾರೆ. ಕೆಲಸಕ್ಕೆ ಉಂಡವನು ಕಲ್ಲು ಮುಟ್ಟಬೇಕು. ಸುಮ್ಮನೆ ಉಂಡವನು ಬೆಲ್ಲ ಮುಟ್ಟಬೇಕು.

ವ್ಯಾಪಾರಿ ಧೂಳಿನ ಚಿತ್ರವನ್ನು ಬಹಳ ಹೊತ್ತು ನೋಡಿದ.

"ಮೂರು ವರ್ಷ ನನ್ನಿಂದ ತಂಗಿಗೆ ಇಷ್ಟು ಭಾರ ಬಿತ್ತೇ?" ಎಂದ. ಅಚ್ಚಿನವನು ಬುತ್ತಿ ಎತ್ತಿಕೊಂಡು ಗುಡ್ಡ ಇಳಿದ.

ಚಾವಡಿಯಲ್ಲಿ ಆ ದಿನ ನಲವತ್ತು ಜನ ಸೇರಿದ್ದರು. ಕೇಳುವಾತ ಎತ್ತರದ ಹಲಗೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಮೂವತ್ತು ವರ್ಷದಿಂದ ಅವನು ಮೂರೇ ಪ್ರಶ್ನೆ ಕೇಳುತ್ತಾ ಬಂದಿದ್ದ. ಮುಖ ನೋಡಿದರೆ ಪ್ರಶ್ನೆ ಬಾಗುತ್ತದೆ ಎಂದು ಕಣ್ಣು ತೆರೆಯುತ್ತಿರಲಿಲ್ಲ. ಪಕ್ಕದಲ್ಲಿ ಬರೆಯುವಾತ.

"ಉಂಡವರು ಯಾರು?"

"ಗುಡ್ಡದಾಚೆಯ ದನದ ವ್ಯಾಪಾರಿ ಸ್ವಾಮಿ," ಎಂದಳು ಎರಕದವಳು.

"ಅವರು ನಿಮಗೆ ಏನಾಗಬೇಕು?"

ಅವಳು ಹಿಂದಿನ ದಿನವೆಲ್ಲ ಈ ಪ್ರಶ್ನೆಗೆ ಸಿದ್ಧಳಾಗಿದ್ದಳು. "ಗಿರಾಕಿ," ಎಂದಳು.

"ಯಾತಕ್ಕೆ ಬಡಿಸಿದಿರಿ ಎಂದು ನಿಮ್ಮನ್ನು ಕೇಳುವ ಮೊದಲು, ಯಾತಕ್ಕೆ ಉಂಡರೆಂದು ಅವರನ್ನು ಕೇಳಬೇಕು. ಇಡಿರಿ."

ಓಲೆಕಾರ ವ್ಯಾಪಾರಿಯ ಎದುರಿಗೆ ಕಲ್ಲು ಇಟ್ಟ, ಬೆಲ್ಲ ಇಟ್ಟ. ವ್ಯಾಪಾರಿ ಬೆಲ್ಲವನ್ನು ನೋಡಿದ. ಅವನ ಕೈ ಅಲ್ಲಿಗೇ ಹೊರಟಿತು. ಮೂರು ವರ್ಷ ಬಾಯಿ ಬಿಟ್ಟು ಹೇಳದ್ದನ್ನು ಕೈ ಹೇಳಲು ಹೊರಟಿತ್ತು. ಅರ್ಧ ದಾರಿಯಲ್ಲಿ ಅದು ನಿಂತು, ತಿರುಗಿ, ಕಲ್ಲಿನ ಮೇಲೆ ಕೂತಿತು.

ಕಲ್ಲು ಮುಟ್ಟಿದ್ದೇ ಸಾಕಾಗಿತ್ತು. ಆದರೆ ಅವನಿಗೆ ಸಾಕೆನಿಸಲಿಲ್ಲ.

"ಕೆಲಸಕ್ಕೇ ಉಂಡೆ ಸ್ವಾಮಿ!" ಎಂದು ಕೂಗಿದ. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ತಿಳಿಯದು. ಜಂತಿಯ ಪಾರಿವಾಳಗಳು ಹಾರಿದವು. "ತಿಂಗಳಿಗೆ ಇಪ್ಪತ್ತು ಗಂಟೆ ಕೊಂಡೆ! ಮೂವತ್ತೂ ಕೊಂಡಿದ್ದೀನಿ! ಕೊಟ್ಟಿಗೆ ತುಂಬ ದನ ಇವೆ ಸ್ವಾಮಿ, ನನಗೆ ಗಂಟೆ ಸಾಕಾಗೋದೇ ಇಲ್ಲ!"

ಅವನ ಕೊಟ್ಟಿಗೆಯ ಸಂಗತಿ ಅಲ್ಲಿದ್ದ ನಲವತ್ತು ಜನಕ್ಕೂ ಗೊತ್ತಿತ್ತು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಅಚ್ಚಿನವನು ಮೂರು ದಿನದಿಂದ ಹಿಡಿದಿದ್ದ ಉಸಿರು ಬಿಟ್ಟ. ಕೇಳುವಾತ ತಲೆಯಾಡಿಸಿದ. ಬರೆಯುವಾತ ಬರೆದುಕೊಂಡ. ಇನ್ನು ಉಳಿದದ್ದು ಎರಡು ಪದ, ಎರಕದವಳು ಹನ್ನೆರಡು ವರ್ಷ ನಿಜವಾಗಿಯೂ ಮೂರು ವರ್ಷ ಹುಸಿಯಾಗಿಯೂ ಆಡಿದ ಎರಡು ಪದ.

"ಎರಕದ ಮನೆಯವರೇ, ಯಾತಕ್ಕೆ ಬಡಿಸಿದಿರಿ?"

ಅವಳು ವ್ಯಾಪಾರಿಯ ಕಡೆ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ, ಸರಿಯಾಗಿ ಹೇಳಿದೆನೇ ಎಂದು ಕೇಳುವವನ ಹಾಗೆ. ಅವನ ಹಣೆ ಬೆವರಿತ್ತು. ಉಂಡ ಮನೆಯ ಜಗಲಿಯಲ್ಲಿ, ಯಾರೂ ಇಲ್ಲದಾಗಲೂ, ಆಡಲಾರದ ಹುಸಿಯನ್ನು ಅವನು ನಲವತ್ತು ಜನರ ಎದುರಿಗೆ ಕೂಗಿ ಆಡಿದ್ದ. ಅವಳು ಈಗ ಹೌದೆಂದರೆ ಅದು ಬರಹಕ್ಕೆ ಇಳಿಯುತ್ತದೆ. ಆ ಮೂವತ್ತಾರು ಮಧ್ಯಾಹ್ನಗಳೂ ಗಂಟೆ ಮಾರಲು ಹಾಕಿದ ಎಲೆಗಳಾಗಿ ಉಳಿಯುತ್ತವೆ. ಹೋಳಿಗೆ ಬೆಂದದ್ದು ಅದಕ್ಕೆ, ಮೊಸರು ಹೆಪ್ಪುಗಟ್ಟಿದ್ದು ಅದಕ್ಕೆ ಎಂದಾಗುತ್ತದೆ. ಅವಳಿಗೆ ಇದು ಅನ್ಯಾಯವೆನಿಸಿತು. ಯಾರಿಗೆ ಅನ್ಯಾಯ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಸುಮ್ಮನೆ," ಎಂದಳು.

ಕೇಳುವಾತ ಕಣ್ಣು ತೆರೆದ.

"ಮತ್ತೊಮ್ಮೆ ಕೇಳುತ್ತೇನೆ ತಾಯಿ. ಉಂಡವರು ಕಲ್ಲು ಮುಟ್ಟಿದ್ದಾರೆ. ನೀವೂ ಅದನ್ನೇ ಹೇಳಿದರೆ ಎದ್ದು ಮನೆಗೆ ಹೋಗಬಹುದು. ಯಾತಕ್ಕೆ ಬಡಿಸಿದಿರಿ?"

"ಸುಮ್ಮನೆ ಬಡಿಸಿದೆ ಸ್ವಾಮಿ."

"ಸುಮ್ಮನೆ ಎಂದರೆ ಯಾತಕ್ಕೆ?"

"ಯಾತಕ್ಕೂ ಅಲ್ಲ. ಅವರು ಬಂದರು. ಹೊತ್ತಾಗಿತ್ತು. ಬಡಿಸಿದೆ."

"ಮೂವತ್ತಾರು ಸಲ?"

"ಮೂವತ್ತಾರು ಸಲವೂ ಹೊತ್ತಾಗಿತ್ತು."

ಬರೆಯುವಾತ ಲೇಖನಿಯನ್ನು ಎತ್ತಿದವನು ಹಾಗೇ ಹಿಡಿದುಕೊಂಡಿದ್ದ. ಆ ಮಾತನ್ನು ಅವನು ಒಮ್ಮೆಯೂ ಬರೆದಿರಲಿಲ್ಲ. ಅದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ಕಟ್ಟಳೆಯ ಹೊತ್ತಗೆಯನ್ನು ತರಿಸಿ ನೋಡಬೇಕಾಯಿತು. ಅಷ್ಟರಲ್ಲಿ ಒಬ್ಬ ಮುದುಕಿ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಸಣ್ಣವಳಿದ್ದಾಗ ಈ ಮಾತನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ ಎಂದಿರಬೇಕು.

"ಕಟ್ಟಳೆ ನನ್ನದಲ್ಲ," ಎಂದ ಕೇಳುವಾತ, ಮತ್ತೆ ಕಣ್ಣು ಮುಚ್ಚಿ. "ಎಪ್ಪತ್ತೆರಡು ಸೇರು."

ಎಲ್ಲರೂ ಎದ್ದರು. ವ್ಯಾಪಾರಿ ಜನರ ಮಧ್ಯೆ ದಾರಿ ಮಾಡಿಕೊಂಡು ಅವಳ ಹತ್ತಿರ ಬಂದು, ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ ಏನಾಯಿತೆಂದು ಕೇಳಿದ. ಅವಳು ನಕ್ಕು ತಲೆಯಾಡಿಸಿದಳು: ಎಲ್ಲ ಸರಿಯಾಯಿತು. ಅವನ ಮುಖ ಅರಳಿತು. ಹುಸಿ ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಗುಡ್ಡದ ದಾರಿ ಹಿಡಿದು ಹಗುರವಾಗಿ ನಡೆದ.

ಮರುದಿನ ಬೆಳಿಗ್ಗೆ ಗಾಡಿ ಬಂತು. ಗಟ್ಟಿ, ಚೂರು, ಒಡೆದದ್ದು, ಹಲಗೆಯ ಮೇಲಿದ್ದ ಸಿದ್ಧ ಗಂಟೆಗಳು, ಎಲ್ಲವನ್ನೂ ತೂಗಿದರು. ಗಾಡಿ ಹೊರಟಾಗ ಗಂಟೆಗಳು ಒಳಗಿಂದ ಬೀದಿಯುದ್ದಕ್ಕೂ ಬಾರಿಸಿಕೊಂಡು ಹೋದವು. ಅಚ್ಚಿನವನು ಆ ಸದ್ದು ನಿಲ್ಲುವವರೆಗೆ ಅಂಗಳದಲ್ಲಿ ನಿಂತಿದ್ದ.

"ನಾನು ಗುಡ್ಡ ಹತ್ತಿ ಇಳಿದೆ," ಎಂದ. "ಆ ಮುದುಕರು ಹುಟ್ಟಿದಾಗಿನಿಂದ ಆಡದ ಸುಳ್ಳನ್ನು ಆಡಿದರು. ನೀನು ಒಂದು ಮಾತು ಹೇಳಿದ್ದರೆ ಆಗ್ತಿತ್ತು. ಒಂದೇ ಮಾತು. ಊರೆಲ್ಲ ದಿನಾ ಹೇಳೋ ಮಾತು."

"ಹೌದು," ಎಂದಳು ಎರಕದವಳು.

"ಯಾಕೆ ಹೇಳಲಿಲ್ಲ?"

"ಬರಲಿಲ್ಲ."

"ನಿನಗೆ ಬರಲಿಲ್ಲ. ನನ್ನ ಮಕ್ಕಳು ಏನು ತಿನ್ನಬೇಕು ಅಕ್ಕಾ?"

ಅವನು ಅಚ್ಚು ತೀಡುವ ಮರದ ಹತಾರಗಳನ್ನು ತೊಳೆದು ಒರೆಸಿ ಗೂಡಿನಲ್ಲಿಟ್ಟು, ಪಡುವಲ ಬೀದಿಯ ದೊಡ್ಡ ಎರಕದ ಮನೆಗೆ ಕೆಲಸಕ್ಕೆ ಹೋದ. ಅಲ್ಲಿ ಮೂವತ್ತು ಆಳುಗಳಿದ್ದರು. ಅತಿಥಿಗಳ ಎಲೆಗೆ ಉತ್ತರ ಹೇಳಲೆಂದೇ ಒಬ್ಬ ಗುಮಾಸ್ತನಿದ್ದ. ತಿದಿಯವನು ಹೋಗಲಿಲ್ಲ. ತನಗೆ ಹೋಗಲು ಜಾಗವಿಲ್ಲ ಎಂದ.

ಅಂದಿನಿಂದ ಕುಲುಮೆ ಎಂಟು ದಿನಕ್ಕೊಮ್ಮೆ ಉರಿಯಿತು. ಉಳಿದ ಲೋಹದಲ್ಲಿ ಅವಳು ನಿಂಬೆಹಣ್ಣಿನ ಗಾತ್ರದ ಗಂಟೆಗಳನ್ನು ಹೊಯ್ದಳು, ಆಡಿನ ಮರಿಗಳಿಗಾಗಿ. ತಿದಿಯವನು ಅಚ್ಚು ಕಟ್ಟಲು ಕಲಿಯತೊಡಗಿದ. ಅವನು ಕಟ್ಟಿದ ಮೂರರಲ್ಲಿ ಎರಡು ಸೀಳುತ್ತಿದ್ದವು. ಬೀದಿಯಲ್ಲಿ ಕೆಲವರು ಅವಳನ್ನು ಕಂಡರೆ ದಾರಿ ಬದಲಿಸಿದರು. ಕೆಲವರು ಬಾಗಿಲ ಹತ್ತಿರ ಬಂದು ನಿಂತು, ಏನೂ ಹೇಳದೆ, ಒಂದು ಪಡಿ ಜೋಳ ಇಟ್ಟು ಹೋದರು.

ಹುಣ್ಣಿಮೆಗೆ ವ್ಯಾಪಾರಿ ಬಂದ. ಬರಿದಾದ ಹಲಗೆಯನ್ನು ಕಂಡು ಅವನ ಕಣ್ಣು ಅಗಲವಾದವು.

"ಒಂದೂ ಉಳಿದಿಲ್ಲವಲ್ಲ! ವ್ಯಾಪಾರ ಜೋರು ಅನ್ನು!" ಎಂದು ಕೂಗಿದ.

ಅವಳು ಹೌದೆಂದು ತಲೆಯಾಡಿಸಿದಳು. ಎಲೆ ಹಾಕಿದಳು. ಉಂಡ ಮೇಲೆ ಅವನು, ಮೂರು ವರ್ಷದಲ್ಲಿ ಮೊದಲ ಸಲ, ಬೆನ್ನು ನೇರ ಮಾಡಿ, "ಕೆಲಸಕ್ಕೆ ಉಂಡೆ!" ಎಂದ. ಚಾವಡಿಯಲ್ಲಿ ಕೊಟ್ಟ ಮಾತು. ಅದಕ್ಕೆ ಮನೆಯಲ್ಲಿ ತಪ್ಪಬಾರದು. ಆದರೆ ಹಾಗೆಂದ ಕೂಡಲೇ ಅವನ ಮುಖ ಸಪ್ಪಗಾಯಿತು. ಹೋಗುವಾಗ ಬಾಗಿಲಲ್ಲಿ ಎರಡು ಸಲ ನಿಂತ. ಹೊಸದಾಗಿ ತೂಗುಬಿಟ್ಟ ದಾರಗಳಲ್ಲಿ ಅವಳು ಆ ದಿನದ ಗಂಟನ್ನು ಯಾವುದಕ್ಕೆ ಹಾಕಿದಳೆಂದು ಅವನು ನೋಡಲಿಲ್ಲ.

ಮುಂದಿನ ಹುಣ್ಣಿಮೆಗೆ ಅವನು ಒಬ್ಬನೇ ಬರಲಿಲ್ಲ. ಎರವಲು ತಂದ ಎತ್ತಿನ ಬೆನ್ನ ಮೇಲೆ ಎರಡು ಗೋಣಿಚೀಲ ಹೇರಿಕೊಂಡು ಬಂದ. ಚೀಲಗಳನ್ನು ಅಂಗಳದಲ್ಲಿ ಸುರಿದ. ಸತ್ತ ದನಗಳ ಕೊರಳಿನಿಂದ ಬಿಚ್ಚಿ ತೆಗೆದಿಟ್ಟಿದ್ದ ಗಂಟೆಗಳು, ಹದಿನೈದು ವರ್ಷ ಹಳೆಯವು, ಹದಿನಾಲ್ಕು ವರ್ಷ ಹಳೆಯವು, ಹಗ್ಗದ ತುಂಡುಗಳ ಸಮೇತ. ಒಂದರ ಮೇಲೊಂದು ಉರುಳಿ ಅಂಗಳ ತುಂಬ ದನಿಯೆದ್ದಿತು. ಅವನಿಗೆ ಅದು ಕೇಳಿಸಲಿಲ್ಲ. ತಿದಿಯವನು ಕೆಲಸ ಬಿಟ್ಟು ಹೊರಗೆ ಬಂದ.

"ಕೆಲಸಕ್ಕೆ ಉಂಡೆ ಅಂತ ಹೇಳಿಬಿಟ್ಟೆ ತಂಗಿ," ಎಂದ ವ್ಯಾಪಾರಿ. "ಅಂದಿನಿಂದ ನಿದ್ದೆ ಹತ್ತಲಿಲ್ಲ. ಕೆಲಸ ಎಲ್ಲಿ ಆಗಿದೆ? ಕೊಳ್ಳೋಣ ಅಂದರೆ ದನ ಇಲ್ಲ. ಹೋಗಲಿ, ಮಾರೋಣ. ಮಾರಿದರೂ ಕೆಲಸವೇ ತಾನೇ? ಇವನ್ನು ತಗೋ. ಕರಗಿಸು. ಆಗ ನಾನು ಆಡಿದ್ದು ಸುಳ್ಳಾಗಲ್ಲ."

ಎರಕದವಳು ಗಂಟೆಗಳ ರಾಶಿಯ ಮುಂದೆ ಕೂತಳು. ಒಂದನ್ನು ತಿರುಗಿಸಿ ನೋಡಿದಳು. ಅಂಚಿನಲ್ಲಿ ಅವಳದೇ ಅರದ ಗುರುತು. ಮನೆಯಲ್ಲಿ ಆ ದಿನ ಹತ್ತು ಸೇರು ಲೋಹವೂ ಇರಲಿಲ್ಲ, ಅದು ಅವನಿಗೆ ಗೊತ್ತಿರಲಿಲ್ಲ, ಮತ್ತು ಗೊತ್ತಾಗುವಂತೆ ಅವಳು ಮಾಡಲಿಲ್ಲ. ಬೆಲೆ ಎಷ್ಟು ಎಂದು ಕೈಸನ್ನೆ ಮಾಡಿದಳು.

ವ್ಯಾಪಾರಿ ಎದುರಿಗೆ ಕೂತು, ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಬಲಗೈಯ ಮೇಲೆ ಹೊದಿಸಿ ಮುಂದೆ ಚಾಚಿದ. ದನದ ಸಂತೆಯಲ್ಲಿ ಬೆಲೆ ಕಟ್ಟುವುದು ಹಾಗೆ. ಬಟ್ಟೆಯ ಕೆಳಗೆ ಎರಡು ಕೈ, ಬೆರಳಿಗೆ ಹತ್ತು ನಾಣ್ಯ. ಸುತ್ತ ನಿಂತವರಿಗೆ ಕಾಣದು, ಕೇಳದು. ಅವಳು ಕೈಯನ್ನು ಬಟ್ಟೆಯ ಕೆಳಗೆ ತೂರಿಸಿದಳು.

ಅವನು ಅವಳ ಒಂದು ಬೆರಳು ಹಿಡಿದ.

ಅಷ್ಟು ಲೋಹಕ್ಕೆ ಹತ್ತು ನಾಣ್ಯ ಎಂಬುದು ಬೆಲೆಯಲ್ಲ. ಅವಳು ಅವನ ಕೈಯನ್ನು ತಿರುಗಿಸಿ ಐದು ಬೆರಳುಗಳನ್ನೂ ಹಿಡಿದಳು. ಅವನು ತಲೆ ಕೊಡವಿ ಮೂರನ್ನು ಮಡಿಸಿದ. ಅವಳು ಮಡಿಸಿದ್ದನ್ನು ಬಿಡಿಸಿದಳು. ಮಾರುವವನು ಇಳಿಸುತ್ತಿದ್ದ, ಕೊಳ್ಳುವವಳು ಏರಿಸುತ್ತಿದ್ದಳು. ತಿದಿಯವನಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತಿತ್ತು. ಮೂವತ್ತು ವರ್ಷ ಸಂತೆಯಲ್ಲಿ ಪಳಗಿದ ಕೈ ಅವನದು, ಸುಲಭಕ್ಕೆ ಬಗ್ಗಲಿಲ್ಲ. ಮೂಸೆ ಎತ್ತಿ ಎತ್ತಿ ಗಟ್ಟಿಯಾದ ಕೈ ಅವಳದು, ಅದೂ ಬಗ್ಗಲಿಲ್ಲ. ಬಿಸಿಲು ಜಗಲಿಯ ಒಂದು ಕಂಬದಿಂದ ಇನ್ನೊಂದಕ್ಕೆ ಹೋಯಿತು.

ಕೊನೆಗೆ ಒಂದು ಬೆಲೆಗೆ ಇಬ್ಬರೂ ನಿಂತರು. ಎಷ್ಟೆಂದು ತಿದಿಯವನಿಗೆ ಗೊತ್ತಾಗಲಿಲ್ಲ, ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬೆಲೆ ಕುದುರಿದ ಮೇಲೆ ಅಂಗೈಗೆ ಅಂಗೈ ಒಮ್ಮೆ ಒತ್ತಿ ಬಿಡಬೇಕು, ಅದು ಸಂತೆಯ ರೂಢಿ. ಅವನು ಒತ್ತಿದ. ಅವಳೂ ಒತ್ತಿದಳು. ಬಿಡುವ ಹೊತ್ತಿನಲ್ಲಿ ಇಬ್ಬರೂ ಬಿಡಲಿಲ್ಲ. ಎರವಲು ಎತ್ತು ಅಂಗಳದಲ್ಲಿ ನಿಂತು ಬಾಲ ಬೀಸುತ್ತಿತ್ತು.

"ಎದ್ದೇಳು ಅಣ್ಣಾ, ಸಾರು ಆರ್ತದೆ," ಎಂದಳು ಎರಕದವಳು.

ಅವನಿಗೆ ಕೇಳಿಸಲಿಲ್ಲ. ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು, ಕೈ ತೊಳೆಯಲು ಎದ್ದ.